ಲ್ಯಾಬೋ, ಪಗ್ಗೋ, ಮುಧೋಳವೋ? ಕಣ್ಣಿನ ಲೆಕ್ಕ ಹಾಕಿ ನಾಯಿ ಆರಿಸುವುದು

ದಾವಣಗೆರೆ, ಚಿತ್ರದುರ್ಗದ ಕಡೆ ಒಂದು ಮನೆಯವರು ನಾಯಿ ಸಾಕಬೇಕೆಂದು ಬಾಯಿಬಿಟ್ಟರೆ ಸಾಕು, ಆಯ್ಕೆಗಳು ತಾವಾಗಿಯೇ ಬಂದು ಸೇರುತ್ತವೆ. ವಿದ್ಯಾನಗರದ ಪರಿಚಯದವರ ಮನೆಯಲ್ಲಿ ಲ್ಯಾಬ್ರಡಾರ್ ಮರಿ ಹಾಕಿದೆ. ಬೆಂಗಳೂರಿನ ಬ್ರೀಡರ್ ಅದೇ ಲ್ಯಾಬ್ ಮರಿಗೆ ದುಪ್ಪಟ್ಟು ಹೇಳುತ್ತಿದ್ದಾರೆ, ತಂದೆ ತಾಯಿಗೆ ಕಣ್ಣಿನ ಪರೀಕ್ಷೆ ಆಗಿದೆ ಅನ್ನುತ್ತಾರೆ. ಮಗಳಿಗೆ ಪಗ್ ಬೇಕು. ತೋಟಕ್ಕೆ ಜರ್ಮನ್ ಶೆಫರ್ಡ್ ಇರಲಿ ಎಂದು ಅಣ್ಣನ ಹಟ. ನಮ್ಮ ಬಿಸಿಲಿಗೆ ಮುಧೋಳವೇ ಸರಿ ಎಂದು ಮಾವನ ಮಾತು. ಇಷ್ಟರೊಳಗೆ ಬೀದಿಯಲ್ಲಿ ಹುಟ್ಟಿದ ಮರಿಯೊಂದು ಗೇಟಿನ ಹತ್ತಿರ ಬಂದು ಮಲಗಿಯೂ ಆಗಿರುತ್ತದೆ.

ಬೆಲೆ ಕೇಳುತ್ತೇವೆ, ಬಣ್ಣ ಕೇಳುತ್ತೇವೆ, ಪೇಪರ್ ಇದೆಯಾ ಎಂದೂ ಕೇಳುತ್ತೇವೆ. ಕಣ್ಣಿನ ಮಾತು ಮಾತ್ರ ಬರುವುದೇ ಇಲ್ಲ. ಎಂಟು ವಾರದ ಮರಿಯ ಕಣ್ಣು ಯಾವ ತಳಿಯದ್ದಾದರೂ ಹೊಳೆಯುತ್ತಲೇ ಇರುತ್ತದೆ. ಅದು ಐದನೇ ವರ್ಷಕ್ಕೆ ಕುರುಡಾಗುತ್ತದೋ ಇಲ್ಲವೋ ಎಂಬುದನ್ನು ಅದರ ತಂದೆ ತಾಯಿಯ ಕಣ್ಣಿನಲ್ಲಿ, ಅವುಗಳ ಪರೀಕ್ಷೆಯ ಕಾಗದದಲ್ಲಿ ಹುಡುಕಬೇಕು. ಈ ಬರಹದ ಹೋಲಿಕೆಯೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಅಳತೆಗೋಲು

ತಳಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ನೋಡುವಾಗ ನಾಲ್ಕು ಪ್ರಶ್ನೆ ಸಾಕು. ಆ ತಳಿಗೆ ಬರುವ ಕಾಯಿಲೆಯನ್ನು ಮರಿ ಕೊಳ್ಳುವ ಮುನ್ನವೇ ಪತ್ತೆ ಮಾಡಬಹುದೇ? ಅದು ಯಾವ ವಯಸ್ಸಿಗೆ ಕಾಣಿಸಿಕೊಳ್ಳುತ್ತದೆ? ಬರೀ ದೃಷ್ಟಿ ಹೋಗುತ್ತದೆಯೇ, ನೋವೂ ಇರುತ್ತದೆಯೇ? ಚಿಕಿತ್ಸೆ ಊರಲ್ಲೇ ಆಗುತ್ತದೆಯೇ, ಶಿವಮೊಗ್ಗಕ್ಕೋ ಬೆಂಗಳೂರಿಗೋ ಓಡಬೇಕೇ?

ಇವುಗಳಲ್ಲಿ ಮೂರನೆಯದಕ್ಕೆ ಹೆಚ್ಚು ತೂಕ ಕೊಡಬೇಕು. ನಿಧಾನವಾಗಿ ದೃಷ್ಟಿ ಕಳೆದುಕೊಂಡ ನಾಯಿ ಮೂಗು, ಕಿವಿ, ನೆನಪಿನ ಬಲದಿಂದ ಮನೆಯೊಳಗೆ ಚೆನ್ನಾಗಿಯೇ ಬಾಳುತ್ತದೆ. ಸೋಫಾ ಜಾಗ ಬದಲಿಸದಿದ್ದರೆ ಬಂದ ನೆಂಟರಿಗೆ ಗೊತ್ತೂ ಆಗುವುದಿಲ್ಲ. ಕಾರ್ನಿಯಾ ಎಂಬ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ ಹುಣ್ಣಾದ ನಾಯಿಯ ಸ್ಥಿತಿ ಬೇರೆ. ಅದು ಕಣ್ಣು ಬಿಡಲಾರದೆ, ಅನ್ನ ಬಿಟ್ಟು ಮೂಲೆ ಸೇರುತ್ತದೆ. ಕುರುಡಿಗಿಂತ ನೋವು ಕೆಟ್ಟದ್ದು. ಹಾಗಾಗಿಯೇ ಕೆಳಗೆ ಕೆಲವು ಮುದ್ದಾದ ತಳಿಗಳು ಹಿಂದೆ ಬಿದ್ದಿವೆ.

ಲ್ಯಾಬ್ರಡಾರ್: ಪಕ್ಕದ ಬೀದಿಯ ಮರಿ, ಬೆಂಗಳೂರಿನ ಮರಿ

ಲ್ಯಾಬ್‌ಗೆ ಮುಖ್ಯವಾಗಿ ಬರುವುದು ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಸವೆಯುವ ಕಾಯಿಲೆ. ವೈದ್ಯರು ಪಿಆರ್‌ಎ ಅನ್ನುತ್ತಾರೆ. ಅದರಲ್ಲಿ ಹಲವು ಬಗೆ. ಲ್ಯಾಬ್, ಕಾಕರ್, ಪೂಡಲ್ ಮುಂತಾದ ಅನೇಕ ತಳಿಗಳಲ್ಲಿ ಕಾಣುವುದು ಪಿಆರ್‌ಸಿಡಿ ಎಂಬ ಬಗೆ. ಮೊದಲು ಇರುಳುಗಣ್ಣು ಬರುತ್ತದೆ. ಕತ್ತಲಲ್ಲಿ ಮೆಟ್ಟಿಲಿಳಿಯಲು ನಾಯಿ ಹಿಂಜರಿಯುತ್ತದೆ, ಕರೆಂಟ್ ಹೋದಾಗ ಗೋಡೆ ಹಿಡಿದು ನಡೆಯುತ್ತದೆ, ಟಾರ್ಚ್ ಬಿಟ್ಟರೆ ಕಣ್ಣು ಮೊದಲಿಗಿಂತ ಜಾಸ್ತಿ ಹೊಳೆಯುತ್ತದೆ. ಲ್ಯಾಬ್‌ನಲ್ಲಿ ಇದು ಸಾಮಾನ್ಯವಾಗಿ ಮೂರರಿಂದ ಆರು ವರ್ಷದೊಳಗೆ ಮನೆಯವರ ಗಮನಕ್ಕೆ ಬರುತ್ತದೆ. ಬಳಿಕ ಹಗಲಿನ ದೃಷ್ಟಿಯೂ ಹೋಗುತ್ತದೆ. ನೋವಿಲ್ಲ, ಮದ್ದೂ ಇಲ್ಲ.

ಈ ಕಾಯಿಲೆ ಊರೂರಲ್ಲಿ ಉಳಿದುಕೊಂಡಿರುವುದಕ್ಕೆ ಆ ವಯಸ್ಸೇ ಕಾರಣ. ಗಂಡು ನಾಯಿಯನ್ನು ಎರಡು ವರ್ಷಕ್ಕೇ ಕ್ರಾಸಿಂಗ್‌ಗೆ ಬಿಡುತ್ತಾರೆ. ಅದು ಕತ್ತಲಲ್ಲಿ ಎಡವಲು ಶುರು ಮಾಡುವ ಹೊತ್ತಿಗೆ ಅದರ ಮರಿಗಳು ದಾವಣಗೆರೆ, ಹರಿಹರ, ಚಿತ್ರದುರ್ಗದ ಹತ್ತಾರು ಮನೆಗಳಲ್ಲಿರುತ್ತವೆ, ಆ ಮರಿಗಳಿಗೂ ಮರಿಗಳಾಗಿರುತ್ತವೆ. ಚೆನ್ನಾಗಿರುವ ಒಂದೇ ಗಂಡು ನಾಯಿಯನ್ನು ಊರಿಗೆಲ್ಲ ಬಳಸುವ ರೂಢಿ ಇರುವಲ್ಲಿ ಎರಡು ತಲೆಮಾರು ಕಳೆದರೆ ಅಣ್ಣ ತಂಗಿಯಂಥವೇ ಎದುರುಬದುರು ನಿಂತಿರುತ್ತವೆ.

ಈಗ ಲೆಕ್ಕ. ಪಿಆರ್‌ಸಿಡಿ ಬರಬೇಕಾದರೆ ಮರಿಗೆ ಕೆಟ್ಟ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಬರಬೇಕು. ಒಂದೇ ಇದ್ದರೆ ನಾಯಿಗೆ ಏನೂ ಆಗುವುದಿಲ್ಲ, ಒಳಗೆ ಹೊತ್ತುಕೊಂಡಿರುತ್ತದೆ; ವರದಿಯಲ್ಲಿ ಇದನ್ನು ಕ್ಯಾರಿಯರ್ ಎಂದು ಬರೆಯುತ್ತಾರೆ. ಎರಡು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆಯ ಸಾಧ್ಯತೆ 25%, ಕ್ಯಾರಿಯರ್ ಆಗುವುದು 50%, ಶುದ್ಧವಾಗಿರುವುದು 25%. ‘ಹೋದ ಸಲ ಎಂಟು ಮರಿ ಹಾಕಿತ್ತು, ಒಂದಕ್ಕೂ ಏನೂ ಆಗಿಲ್ಲ’ ಎಂಬ ಮಾತನ್ನು ಪುರಾವೆಯೆಂದು ಹಿಡಿಯಬೇಡಿ. ತಂದೆ ತಾಯಿ ಇಬ್ಬರೂ ಕ್ಯಾರಿಯರ್ ಆಗಿದ್ದರೂ ಎಂಟು ಮರಿಗಳು ಬಚಾವಾಗುವ ಸಾಧ್ಯತೆ ಹತ್ತರಲ್ಲಿ ಒಂದಿದೆ. ಅಲ್ಲದೆ ಹೋದ ಸಲದ ಮರಿಗಳಿಗೆ ಇನ್ನೂ ಒಂದೂವರೆ ವರ್ಷವಾಗಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಇದೇ ಲೆಕ್ಕದಲ್ಲಿ ಕೊಳ್ಳುವವರಿಗೆ ಒಂದು ಉಪಕಾರವೂ ಇದೆ. ತಂದೆ ಅಥವಾ ತಾಯಿ, ಯಾವುದಾದರೂ ಒಂದು ‘ಕ್ಲಿಯರ್’ (ಕೆಟ್ಟ ಜೀನ್ ಒಂದೂ ಇಲ್ಲದ್ದು) ಆಗಿದ್ದರೆ ಯಾವ ಮರಿಗೂ ಈ ಕಾಯಿಲೆ ಬರುವುದಿಲ್ಲ. ಹೆಚ್ಚೆಂದರೆ ಕ್ಯಾರಿಯರ್ ಆಗುತ್ತದೆ. ಸಾಕುವುದಕ್ಕಷ್ಟೇ ಮರಿ ಬೇಕಾದವರಿಗೆ ಒಂದೇ ವರದಿ ಸಾಕು. ಹಾಗಾಗಿ ವಿದ್ಯಾನಗರದ ಮನೆಯ ಮರಿಯನ್ನು ಕಣ್ಣುಮುಚ್ಚಿ ತಳ್ಳಿಹಾಕಬೇಕಿಲ್ಲ. ತಾಯಿಯ ಕೆನ್ನೆಯೊಳಗಿನ ಸ್ವ್ಯಾಬ್ ತೆಗೆಸಿ ಡಿಎನ್‌ಎ ಪರೀಕ್ಷೆಗೆ ಕಳಿಸಲು ಮನೆಯವರು ಒಪ್ಪಿದರೆ, ಖರ್ಚನ್ನು ನೀವೇ ಕೊಟ್ಟರೂ ನಷ್ಟವಿಲ್ಲ. ವರದಿ ಬರಲು ಕೆಲವು ವಾರ ಬೇಕು. ಮರಿ ಕಣ್ಣು ಬಿಡುವಾಗಲೇ ಮಾತಾಡಿಟ್ಟರೆ ಎಂಟನೇ ವಾರಕ್ಕೆ ಕೈಗೆ ಸಿಗುತ್ತದೆ.

ಬೆಂಗಳೂರಿನ ಬ್ರೀಡರ್ ಕೇಳುವ ದುಪ್ಪಟ್ಟು ಹಣ ಯಾವುದಕ್ಕೆ ಎಂಬುದು ಕಾಗದದಲ್ಲಿ ಕಾಣಬೇಕು. ಡಿಎನ್‌ಎ ವರದಿಯಲ್ಲಿ ನಾಯಿಯ ಮೈಕ್ರೋಚಿಪ್ ಸಂಖ್ಯೆ ಇರಬೇಕು. ಚಿಪ್ ಓದುವ ಯಂತ್ರ ಹಿಡಿದಾಗ ಅದೇ ಸಂಖ್ಯೆ ನಾಯಿಯ ಮೈಯಿಂದಲೂ ಬರಬೇಕು. ಬರೀ ‘ಲ್ಯಾಬ್, ಹಳದಿ, ಗಂಡು’ ಎಂದಿರುವ ವರದಿ ಯಾವ ನಾಯಿಯದ್ದಾದರೂ ಆಗಬಹುದು. ಯಾವ ಜೀನ್ ಪರೀಕ್ಷಿಸಿದ್ದಾರೆ ಎಂಬುದು ಹೆಸರಿನ ಸಮೇತ ಬರೆದಿರಬೇಕು, ‘ಕಣ್ಣು ನಾರ್ಮಲ್’ ಎಂದರೆ ಸಾಲದು.

ಡಿಎನ್‌ಎ ಜೊತೆಗೆ ಕಣ್ಣಿನ ತಪಾಸಣೆಯೂ ಬೇಕು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಡಿಎನ್‌ಎ ಜೀವಮಾನಕ್ಕೆ ಒಮ್ಮೆ ಸಾಕು, ಆದರೆ ಕೇಳಿದ ಜೀನ್ ಬಗ್ಗೆ ಮಾತ್ರ ಹೇಳುತ್ತದೆ. ಲ್ಯಾಬ್‌ಗೆ ಬರುವ ವಂಶದ ಕಣ್ಣಿನ ಪೊರೆ, ಅಕ್ಷಿಪಟಲದ ಮಡಿಕೆಗಳು ತಜ್ಞರು ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದಾಗ ಕಾಣುತ್ತವೆ. ಆ ತಪಾಸಣೆಯ ಬೆಲೆ ಒಂದೇ ವರ್ಷ. ಹೊರದೇಶದ ನೋಂದಣಿಗಳಲ್ಲೂ ಹನ್ನೆರಡು ತಿಂಗಳಿಗೆ ಅದು ಹಳತಾಗುತ್ತದೆ. ಮೂರು ವರ್ಷದ ಹಿಂದಿನ ತಪಾಸಣೆ ತೋರಿಸಿದರೆ ಅದನ್ನು ಹಳೆಯ ಫೋಟೋ ಎಂದೇ ತಿಳಿಯಿರಿ.

ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರವನ್ನೇ ಆರೋಗ್ಯದ ಪತ್ರವೆಂದು ತಿಳಿಯುವವರು ನಮ್ಮ ಕಡೆ ಬಹಳ. ಆ ಪತ್ರ ವಂಶಾವಳಿಯನ್ನು ಹೇಳುತ್ತದೆ, ಕಣ್ಣಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಆದರೂ ಉಪಯೋಗವಿದೆ: ತಾತ, ಮುತ್ತಾತರ ಹೆಸರು ಓದಿ. ತಂದೆಯ ಕಡೆಗೂ ತಾಯಿಯ ಕಡೆಗೂ ಒಂದೇ ಹೆಸರು ಬಂದಿದ್ದರೆ ಆ ಮರಿ ಒಳಸಂಬಂಧದ್ದು, ಅಡಗಿದ ಜೀನ್‌ಗಳು ಜೋಡಿಯಾಗುವ ಅಪಾಯ ಹೆಚ್ಚು.

ವರದಿ ಯಾವುದೂ ಸಿಗದ ಕಡೆ ಒಂದು ಉಪಾಯವಿದೆ: ಅಜ್ಜಿಯನ್ನು ತೋರಿಸಿ ಎಂದು ಕೇಳಿ. ತಾಯಿಗೆ ಮೂರು ವರ್ಷವಾದರೆ ಅಜ್ಜಿಗೆ ಆರೇಳು ಆಗಿರುತ್ತದೆ. ಸಂಜೆ ಏಳರ ಹೊತ್ತಿಗೆ ಹೋಗಿ, ಹಾಲ್‌ನಲ್ಲಿ ಎರಡು ಕುರ್ಚಿ ಅಡ್ಡ ಇಟ್ಟು, ದೀಪ ಮಂದ ಮಾಡಿ ಅದನ್ನು ಆಚೆಯಿಂದ ಕರೆಯಿರಿ. ಬಳಸಿಕೊಂಡು ಬಂದರೆ ಒಳ್ಳೆಯ ಸೂಚನೆ. ಡಿಎನ್‌ಎಗೆ ಇದು ಸಮವಲ್ಲ, ಬರೀ ಮಾತಿಗಿಂತ ಮೇಲು.

ಗೋಲ್ಡನ್ ರಿಟ್ರೀವರ್‌ಗೂ ಇದೇ ಕ್ರಮ, ಆದರೆ ಪಿಆರ್‌ಸಿಡಿ ಜೊತೆಗೆ ಆ ತಳಿಯದ್ದೇ ಆದ ಜಿಆರ್-ಪಿಆರ್‌ಎ 1 ಮತ್ತು 2 ಎಂಬ ಪರೀಕ್ಷೆಗಳನ್ನೂ ಕೇಳಬೇಕು. ವಯಸ್ಸಾದ ಗೋಲ್ಡನ್‌ಗಳಿಗೆ ಕಣ್ಣೊಳಗೆ ಬಣ್ಣ ಚೆಲ್ಲಿದಂತಾಗಿ ಉರಿಯೂತ ಬರುವುದುಂಟು, ಕೊನೆಗೆ ಗ್ಲಾಕೋಮಾಕ್ಕೆ, ಅಂದರೆ ಕಣ್ಣೊಳಗಿನ ಒತ್ತಡ ಏರುವ ಕಾಯಿಲೆಗೆ, ತಿರುಗುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಕಣ್ಣು ತೋರಿಸುವುದೇ ದಾರಿ.

ಜೀನ್ ಚಿಕಿತ್ಸೆ ಬಂದಿದೆಯಂತಲ್ಲ ಎಂದು ಕೇಳುವವರಿದ್ದಾರೆ. ಆರ್‌ಪಿಇ65 ಎಂಬ ಜೀನ್ ಕೆಟ್ಟು ಹುಟ್ಟಿನಿಂದಲೇ ಕಾಣದಿದ್ದ ಬ್ರಿಯಾರ್ಡ್ ತಳಿಯ ನಾಯಿಗಳಿಗೆ ಜೀನ್ ಚಿಕಿತ್ಸೆಯಿಂದ ದೃಷ್ಟಿ ಬಂದದ್ದು 2001ರಲ್ಲಿ ವರದಿಯಾಯಿತು. ಆ ದಾರಿಯಲ್ಲೇ ಮನುಷ್ಯರ ಚಿಕಿತ್ಸೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆ ಒಂದೇ ಜೀನಿನ ಮದ್ದು, ಲ್ಯಾಬ್‌ನ ಪಿಆರ್‌ಸಿಡಿಗೆ ಅಲ್ಲ.

ಪಗ್, ಶಿಟ್ಜು

ಇಲ್ಲಿ ಡಿಎನ್‌ಎ ವರದಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ದೋಷ ಮುಖದ ಆಕಾರದಲ್ಲೇ ಇದೆ. ಮೂಗು ಒಳಗೆ ಹೋದಷ್ಟೂ ಕಣ್ಣಿನ ಗೂಡು ಆಳ ಕಳೆದುಕೊಳ್ಳುತ್ತದೆ, ಗುಡ್ಡೆ ಹೊರಗೆ ಉಬ್ಬುತ್ತದೆ, ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರು ಹರಡದೆ ಕಾರ್ನಿಯಾ ಒಣಗುತ್ತದೆ. ಮೂಗಿನ ಮೇಲಿನ ಮಡಿಕೆಯ ಕೂದಲು ಅದನ್ನೇ ಉಜ್ಜುತ್ತಿರುತ್ತದೆ. ವರ್ಷಗಟ್ಟಲೆ ಉಜ್ಜಿದ ಕಣ್ಣಿಗೆ ಒಳಮೂಲೆಯಿಂದ ಕಪ್ಪು ಬಣ್ಣ ಹಬ್ಬಿಕೊಂಡು ದೃಷ್ಟಿ ಮುಚ್ಚುತ್ತದೆ. ಕಣದ ಹೊಟ್ಟು, ಮೆಕ್ಕೆಜೋಳ ಒಕ್ಕುವ ಕಾಲದ ಧೂಳು, ಚಿತ್ರದುರ್ಗದ ಗುಡ್ಡಗಳ ಗಾಳಿ, ಯಾವುದೂ ಇಂಥ ಕಣ್ಣಿಗೆ ಒಳ್ಳೆಯದಲ್ಲ.

ಆದರೂ ಪಗ್ಗೇ ಬೇಕೆಂದರೆ ತಾಯಿಯನ್ನು ಮಲಗಿರುವಾಗ ನೋಡಿ. ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚಿರಬೇಕು. ಬಿಳಿ ಗೆರೆ ಕಂಡರೆ ಆ ಮರಿ ಬೇಡ. ಎಚ್ಚರವಿದ್ದು ನೇರ ನೋಡುವಾಗ ಕಣ್ಣಿನ ಬಿಳಿ ಸುತ್ತಲೂ ಕಾಣುತ್ತಿದ್ದರೂ ಬೇಡ. ಮೂಗು ಸ್ವಲ್ಪ ಮುಂದೆ ಇರುವ, ಮಡಿಕೆ ಕಡಿಮೆಯಿರುವ ತಾಯಿಯ ಮರಿ ನೋಡಲು ಅಷ್ಟು ‘ಪಗ್’ ಅನ್ನಿಸದಿರಬಹುದು, ಬಾಳಲು ಮೇಲು. ಕುತ್ತಿಗೆ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಬೀದಿ ನಾಯಿ ಕಚ್ಚಿ ಎಳೆದಾಗ ಪಗ್‌ನ ಕಣ್ಣುಗುಡ್ಡೆ ಗೂಡಿನಿಂದ ಹೊರಗೇ ಬರುವುದುಂಟು. ಹಾಗಾದರೆ ಒಳಗೆ ಒತ್ತಬೇಡಿ. ಸಲೈನಿನಲ್ಲಿ ಅದ್ದಿದ ಶುದ್ಧ ಬಟ್ಟೆ ಮುಚ್ಚಿ ಕೂಡಲೇ ವೈದ್ಯರಲ್ಲಿಗೆ ಓಡಿ.

ಕಣ್ಣು ಕಿರಿದು ಮಾಡಿ ನೀರು ಸುರಿಸುತ್ತಿದ್ದರೆ ಮೆಡಿಕಲ್ ಶಾಪಿನ ಹನಿ ಹಾಕುವುದು ದೊಡ್ಡ ತಪ್ಪು. ಅನೇಕ ಹನಿಗಳಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹುಣ್ಣಿರುವ ಕಾರ್ನಿಯಾದ ಮೇಲೆ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಮಾಯುವುದು ನಿಂತು ಕಾರ್ನಿಯಾ ಕರಗಿ ತೂತೇ ಬೀಳಬಹುದು. ಮೊದಲು ಫ್ಲೋರೆಸೀನ್ ಎಂಬ ಬಣ್ಣದ ಪಟ್ಟಿ ಹಚ್ಚಿ ನೋಡಬೇಕು. ಹುಣ್ಣಿದ್ದಲ್ಲಿ ಹಸಿರು ನಿಲ್ಲುತ್ತದೆ. ಜೊತೆಗೆ ಕಣ್ಣೀರಿನ ಅಳತೆ: ಕಾಗದದ ಪಟ್ಟಿಯನ್ನು ರೆಪ್ಪೆಯೊಳಗೆ ಒಂದು ನಿಮಿಷ ಇಟ್ಟಾಗ 15 ಮಿಲಿಮೀಟರ್ ಅಥವಾ ಹೆಚ್ಚು ಒದ್ದೆಯಾದರೆ ಸರಿ, 10ಕ್ಕಿಂತ ಕಡಿಮೆಯಾದರೆ ಒಣಗಣ್ಣು. ಒಣಗಣ್ಣಿಗೆ ಸೈಕ್ಲೋಸ್ಪೋರಿನ್ ಮುಲಾಮು ದಿನಕ್ಕೆರಡು ಸಲ, ಜೀವಮಾನವಿಡೀ. ಹತ್ತು ವರ್ಷಕ್ಕೆ ಒಂದೊಂದು ಕಣ್ಣಿಗೆ 7,300 ಸಲ ಆಯಿತು. ಮರಿಯ ಬೆಲೆ ಒಮ್ಮೆ ಕೊಡುತ್ತೀರಿ, ಈ ಖರ್ಚು ಪ್ರತಿ ತಿಂಗಳದ್ದು. ಮನೆಯಲ್ಲಿ ಇಡೀ ದಿನ ಯಾರೂ ಇರುವುದಿಲ್ಲವಾದರೆ ಈ ತಳಿ ಬೇಡವೆಂದೇ ಹೇಳಬೇಕಾಗುತ್ತದೆ.

ಜರ್ಮನ್ ಶೆಫರ್ಡ್

ಇದಕ್ಕೆ ಬರುವುದು ಪ್ಯಾನಸ್. ಕಾರ್ನಿಯಾದ ಹೊರಮೂಲೆಯಿಂದ ಗುಲಾಬಿ ಬಣ್ಣದ ಪೊರೆ ತೆವಳಿ ಬರುತ್ತದೆ, ಆಮೇಲೆ ಕಂದಾಗುತ್ತದೆ, ಬಿಟ್ಟರೆ ಎರಡೂ ಕಣ್ಣು ಮುಚ್ಚುತ್ತದೆ. ಒಲವು ವಂಶದಿಂದ ಬರುತ್ತದೆ, ಕೆರಳಿಸುವುದು ಬಿಸಿಲಿನ ನೇರಳಾತೀತ ಕಿರಣ. ಹೊಸದುರ್ಗದ ತೆಂಗಿನ ತೋಟಕ್ಕೂ ಚಳ್ಳಕೆರೆಯ ಬಯಲಿಗೂ ಇಲ್ಲಿ ವ್ಯತ್ಯಾಸವಿದೆ. ಬಯಲಲ್ಲಿ ಕಟ್ಟಿಹಾಕಿದ ಶೆಫರ್ಡ್‌ಗೆ ಹನ್ನೊಂದರಿಂದ ನಾಲ್ಕರವರೆಗೆ ಗಟ್ಟಿ ನೆರಳು ಬೇಕೇ ಬೇಕು. ಇದಕ್ಕೆ ಡಿಎನ್‌ಎ ಪರೀಕ್ಷೆ ನೆರವಾಗದು, ಐದು ವರ್ಷ ದಾಟಿದ ಹಿರಿಯ ನಾಯಿಗಳ ಕಣ್ಣು ನೋಡಿಯೇ ತಿಳಿಯಬೇಕು.

ಸಮಾಧಾನದ ಸಂಗತಿಯೆಂದರೆ ಪ್ಯಾನಸ್ ಅಷ್ಟಾಗಿ ನೋಯುವುದಿಲ್ಲ, ಬೇಗ ಹಿಡಿದರೆ ಹನಿಗಳಲ್ಲೇ ಹತೋಟಿಗೆ ಬರುತ್ತದೆ. ಪಗ್‌ನ ಹುಣ್ಣಿಗೆ ವಿಷವಾದ ಸ್ಟೀರಾಯ್ಡ್ ಇಲ್ಲಿ ಮದ್ದು. ಪಕ್ಕದ ಮನೆಯ ನಾಯಿಯ ಹನಿಯನ್ನು ನಮ್ಮ ನಾಯಿಗೆ ಹಾಕಬಾರದು ಎನ್ನುವುದು ಇದಕ್ಕೇ. ವಾಸಿಯಾಯಿತೆಂದು ನಿಲ್ಲಿಸಿದರೆ ಪೊರೆ ಮರಳಿ ಬರುತ್ತದೆ.

ಬೀಗಲ್, ಕಾಕರ್, ಹಸ್ಕಿ

ಬೀಗಲ್ ಮತ್ತು ಕಾಕರ್‌ನಲ್ಲಿ ಚೆರ್ರಿ ಐ ಸಾಮಾನ್ಯ: ಮೂರನೇ ರೆಪ್ಪೆಯ ಗ್ರಂಥಿ ಕೆಂಪು ಗುಂಡಾಗಿ ಮೂಲೆಯಲ್ಲಿ ಹೊರಬರುತ್ತದೆ, ಹೆಚ್ಚಾಗಿ ಎರಡು ವರ್ಷದೊಳಗೆ. ಅದನ್ನು ಕತ್ತರಿಸಿ ತೆಗೆಸಬೇಡಿ. ಕಣ್ಣೀರಿನ ದೊಡ್ಡ ಪಾಲು ಆ ಗ್ರಂಥಿಯಿಂದಲೇ ಬರುತ್ತದೆ, ತೆಗೆದರೆ ಮುಂದೆ ಒಣಗಣ್ಣು. ಒಳಗೆ ಕೂರಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಇದೆ, ಅದನ್ನೇ ಕೇಳಿ. ಗ್ಲಾಕೋಮಾ ಎರಡೂ ತಳಿಗಳ ಭಯ. ಬೀಗಲ್‌ನ ಒಂದು ಬಗೆಗೆ ಡಿಎನ್‌ಎ ಪರೀಕ್ಷೆ ಇದೆ. ಕಣ್ಣು ಏಕಾಏಕಿ ಕೆಂಪಾಗಿ, ಮಸುಕಾಗಿ, ಪಾಪೆ ದೊಡ್ಡದಾಗಿ ನಿಂತರೆ ಬೆಳಗಾಗುವವರೆಗೆ ಕಾಯಬೇಡಿ. ಒತ್ತಡ ಇಳಿಯದಿದ್ದರೆ ಒಂದೆರಡು ದಿನದಲ್ಲೇ ದೃಷ್ಟಿ ಪೂರ್ತಿ ಹೋಗುತ್ತದೆ, ನೋವೂ ಭಯಂಕರ. ಕಾಕರ್‌ಗೆ ಪಿಆರ್‌ಸಿಡಿ ವರದಿಯೂ ಬೇಕು.

ಹಸ್ಕಿಯ ಒಂದು ಬಗೆಯ ಪಿಆರ್‌ಎ ತಾಯಿಯಿಂದ ಗಂಡುಮರಿಗೆ ದಾಟುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಆ ತಳಿಯನ್ನು ಇಡುವುದೇ ಸರಿಯಲ್ಲವಾದ್ದರಿಂದ ಮುಂದೆ ಹೇಳುವುದಿಲ್ಲ. ಡ್ಯಾಷ್‌ಹಂಡ್, ಗ್ರೇಟ್ ಡೇನ್‌ನಂಥವುಗಳಲ್ಲಿ ‘ಅಪರೂಪದ ಮಚ್ಚೆ ಬಣ್ಣ’ ಎಂದು ಮರ್ಲ್ ಮರಿಗೆ ಹೆಚ್ಚು ಬೆಲೆ ಹೇಳಿದರೆ ತಂದೆ ತಾಯಿ ಎರಡೂ ಮರ್ಲ್ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಎರಡೂ ಆಗಿದ್ದರೆ ಕಾಲು ಭಾಗ ಮರಿಗಳಿಗೆ ಆ ಜೀನ್ ಜೋಡಿಯಾಗಿ ಬರುತ್ತದೆ. ಸಣ್ಣ, ಬೆಳೆಯದ ಕಣ್ಣು, ಕಿವುಡು ಅಂಥವುಗಳ ಪಾಲು.

ಮುಧೋಳ ಮತ್ತು ನಾಟಿ

ಮುಧೋಳದ್ದು ಉದ್ದ ಮುಖ, ಗೂಡಿನಲ್ಲಿ ಚೆನ್ನಾಗಿ ಕೂತ ಕಣ್ಣು, ಬಿಗಿಯಾದ ರೆಪ್ಪೆ. ಪಗ್‌ನ ಕಷ್ಟ ಯಾವುದೂ ಇದಕ್ಕಿಲ್ಲ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ವಂಶದ ದಾಖಲೆಯಿಟ್ಟು ಮರಿ ಮಾಡುವ ಅಂಥ ಜಾಗವನ್ನು ಮೊದಲು ವಿಚಾರಿಸುವುದು ಲೇಸು. ತಳಿಯ ಹೆಸರು ಪ್ರಸಿದ್ಧವಾದಷ್ಟೂ ಒಂದೆರಡು ಗಂಡುಗಳಿಂದಲೇ ಮರಿ ಮಾಡಿಸುವ ಚಾಳಿ ಇಲ್ಲಿಗೂ ಬರುತ್ತದೆ, ಹಾಗಾಗಿ ತಂದೆ ತಾಯಿಯ ಸಂಬಂಧ ಕೇಳುವುದನ್ನು ಬಿಡಬೇಡಿ. ಓಡಲು ಬಯಲಿಲ್ಲದ ಮನೆಗೆ, ಅಕ್ಕಪಕ್ಕ ಕುರಿ ಕೋಳಿ ಬಿಟ್ಟಿರುವಲ್ಲಿಗೆ ಮುಧೋಳ ಹೊಂದುವುದು ಕಷ್ಟ.

ಗೇಟಿನ ಹತ್ತಿರ ಬಂದ ನಾಟಿ ಮರಿಯ ವಿಷಯಕ್ಕೆ ಬಂದರೆ, ಅದರ ಬಲ ಬೆರಕೆಯಲ್ಲೇ ಇದೆ. ಒಂದೇ ಕೆಟ್ಟ ಜೀನ್ ಎರಡು ಕಡೆಯಿಂದ ಬಂದು ಸೇರುವುದು ಇಲ್ಲಿ ಅಪರೂಪ. ಅದರ ಕಣ್ಣಿಗೆ ಅಪಾಯ ಹೊರಗಿನಿಂದ: ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ, ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಎರ್ಲಿಕಿಯಾ ಜ್ವರ. ಉಣ್ಣೆ ಜ್ವರದಲ್ಲಿ ಕಣ್ಣೊಳಗೆ ರಕ್ತ ಇಳಿಯುವುದೂ ಉಂಟು. ಲಸಿಕೆ ಮತ್ತು ಉಣ್ಣೆಯ ಮದ್ದು ತಪ್ಪದಿದ್ದರೆ ಖರ್ಚು ಎಲ್ಲಕ್ಕಿಂತ ಕಡಿಮೆ.

ಇನ್ನೊಂದು ದಾರಿಯನ್ನು ಜನ ಮರೆಯುತ್ತಾರೆ. ವರ್ಗಾವಣೆಯಾಗಿಯೋ ಮನೆ ಬದಲಿಸಿಯೋ ಬಿಟ್ಟುಕೊಡುವ ಐದಾರು ವರ್ಷದ ಲ್ಯಾಬ್‌ಗಳು ಸಿಗುತ್ತವೆ. ಆ ವಯಸ್ಸಿಗೆ ಕತ್ತಲಲ್ಲೂ ಸರಾಗ ನಡೆಯುವ ಲ್ಯಾಬ್, ಪಿಆರ್‌ಸಿಡಿಯ ಮುಖ್ಯ ಅಪಾಯದ ವಯಸ್ಸನ್ನು ಬಹುಪಾಲು ದಾಟಿದಂತೆ. ಏಳೆಂಟು ವರ್ಷದ ನಾಯಿಯ ಕಣ್ಣಲ್ಲಿ ನೀಲಿ ಮಂಜು ಕಂಡರೆ ಎಲ್ಲವೂ ಪೊರೆಯಲ್ಲ. ಮಸೂರ ವಯಸ್ಸಿಗೆ ಗಟ್ಟಿಯಾದಾಗಲೂ ಹಾಗೆ ಕಾಣುತ್ತದೆ, ದೃಷ್ಟಿಗೆ ತೊಂದರೆಯಿಲ್ಲ. ನಿಜವಾದ ಪೊರೆಯಾಗಿದ್ದರೆ ಆಪರೇಷನ್ನಿಗೆ ಮುಂಚೆ ಸಕ್ಕರೆ ಕಾಯಿಲೆಯ ಪರೀಕ್ಷೆ, ಅಕ್ಷಿಪಟಲ ಕೆಲಸ ಮಾಡುತ್ತಿದೆಯೇ ಎಂದು ಅಳೆಯುವ ಇಆರ್‌ಜಿ ಎರಡೂ ಆಗಬೇಕು. ಹಿಂದಿನ ಪಟಲ ಸತ್ತಿದ್ದರೆ ಮುಂದಿನ ಪೊರೆ ತೆಗೆದು ಪ್ರಯೋಜನವಿಲ್ಲ.

ಮರಿ ಮಾಡಿಸುವ ಆಸೆಯಿದ್ದರೆ

ಆಗ ಅಳತೆ ಬಿಗಿಯಾಗುತ್ತದೆ. ನಾಯಿ ಮರಿ ಮಾಡಿಸಿ ಮಾರುವುದಕ್ಕೆ 2017ರ ಕೇಂದ್ರ ನಿಯಮಗಳಿವೆ: ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು, ಹೆಣ್ಣಿಗೆ 18 ತಿಂಗಳಾಗಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಇದರ ಮೇಲೆ ಕಣ್ಣಿನ ಕೆಲಸ. ಬೆದೆಗೆ ಬರುವ ಎರಡು ತಿಂಗಳು ಮೊದಲೇ ತಳಿಗೆ ತಕ್ಕ ಡಿಎನ್‌ಎ ಪರೀಕ್ಷೆ ಮಾಡಿಸಿ, ತಜ್ಞರ ಬಳಿ ಕಣ್ಣು ತೋರಿಸಿ. ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೊರಡುವ ಮುಂಚೆ ಕಣ್ಣು ನೋಡುವವರು ಯಾವ ದಿನ ಇರುತ್ತಾರೆಂದು ಕೇಳಿಕೊಳ್ಳಿ.

ಹೆಣ್ಣು ಕ್ಯಾರಿಯರ್ ಎಂದು ಬಂದರೆ ಅದನ್ನು ವಂಶದಿಂದಲೇ ಕಿತ್ತು ಹಾಕುವುದು ತಪ್ಪು. ಎಲ್ಲ ಕ್ಯಾರಿಯರ್‌ಗಳನ್ನೂ ತೆಗೆದರೆ ತಳಿಯೇ ಇಕ್ಕಟ್ಟಾಗಿ ಬೇರೆ ಕಾಯಿಲೆಗಳು ಜೋಡಿಯಾಗುತ್ತವೆ. ಕ್ಲಿಯರ್ ಗಂಡಿನ ಜೊತೆ ಮಾತ್ರ ಕೂಡಿಸಿ, ಮರಿಗಳನ್ನು ಪರೀಕ್ಷಿಸಿ, ಒಳ್ಳೆಯ ಕ್ಲಿಯರ್ ಮರಿಯನ್ನು ಮುಂದಿನ ತಲೆಮಾರಿಗೆ ಉಳಿಸಿಕೊಳ್ಳಿ. ಒಳಗೆ ಮಡಿಚಿದ ರೆಪ್ಪೆಗೆ ಆಪರೇಷನ್ ಆದ ನಾಯಿಯನ್ನು ಮಾತ್ರ ಮರಿಗೆ ಬಿಡಲೇಬಾರದು. ಕತ್ತರಿ ರೆಪ್ಪೆ ಸರಿ ಮಾಡಿದೆ, ಜೀನ್ ಹಾಗೇ ಇದೆ. ಮಾರಿದ ಮನೆಗಳ ಫೋನ್ ನಂಬರ್ ಇಟ್ಟುಕೊಂಡು ಐದಾರು ವರ್ಷ ವಿಚಾರಿಸಿ. ಒಂದು ಮರಿಗೆ ಪಿಆರ್‌ಎ ಬಂತೆಂದರೆ ಉಳಿದವರಿಗೂ ಗಂಡು ನಾಯಿಯ ಮಾಲೀಕರಿಗೂ ಹೇಳಬೇಕು.

ಯಾರಿಗೆ ಯಾವುದು

ಮಕ್ಕಳಿರುವ ಮನೆ, ದುಡ್ಡಿಗೆ ಸ್ವಲ್ಪ ಅನುಕೂಲವಿದ್ದರೆ ಒಂದಾದರೂ ಕ್ಲಿಯರ್ ವರದಿಯಿರುವ ಲ್ಯಾಬ್. ದುಡ್ಡು ಕಡಿಮೆಯಿದ್ದರೆ ನಾಟಿ ಮರಿ, ಅಥವಾ ವಯಸ್ಸಿಗೆ ಬಂದ ಲ್ಯಾಬ್. ವರದಿಯಿಲ್ಲದ ಅಗ್ಗದ ಲ್ಯಾಬ್ ಮರಿ ಮೂರನೆಯ ಆಯ್ಕೆ. ನೆರಳಿರುವ ತೋಟಕ್ಕೆ ಶೆಫರ್ಡ್, ಬೇಲಿಯಿರುವ ಬಯಲಿಗೆ ಮುಧೋಳ. ಹಗಲೆಲ್ಲ ಮನೆಯಲ್ಲೇ ಇರುವ, ದಿನಕ್ಕೆರಡು ಸಲ ಕಣ್ಣು ಒರೆಸಿ ನೋಡುವ ತಾಳ್ಮೆಯಿರುವ ಹಿರಿಯರಿದ್ದರೆ ಮಾತ್ರ ಪಗ್. ವರದಿಯಿಲ್ಲದ ಲ್ಯಾಬ್, ಚೆನ್ನಾಗಿ ಕಣ್ಣು ಮುಚ್ಚಲಾರದ ಪಗ್ ಎರಡೇ ಉಳಿದರೂ ಲ್ಯಾಬನ್ನೇ ಆರಿಸಿ.

ಮರಿ ನೋಡಲು ಹೋದಾಗ ಹತ್ತಿಯ ಉಂಡೆಯೊಂದು, ಸಣ್ಣ ಟಾರ್ಚ್ ಒಯ್ಯಿರಿ. ಉಂಡೆಯನ್ನು ಸದ್ದಿಲ್ಲದೆ ಮುಖದ ಮುಂದೆ ಬೀಳಿಸಿದರೆ ಮರಿಯ ನೋಟ ಹಿಂಬಾಲಿಸಬೇಕು. ಟಾರ್ಚಿಗೆ ಎರಡೂ ಪಾಪೆ ಒಂದೇ ಸಮ ಕಿರಿದಾಗಬೇಕು. ಗೀಜು, ನೀರು, ಒಳಮಡಿಚಿದ ರೆಪ್ಪೆ ಇರಬಾರದು. ಕೈ ಬೀಸಿದಾಗ ಕಣ್ಣು ಮಿಟುಕಿಸಲಿಲ್ಲವೆಂದು ಹೆದರಬೇಡಿ. ಆ ಪ್ರತಿಕ್ರಿಯೆ ಮೂರು ತಿಂಗಳ ಹೊತ್ತಿಗಷ್ಟೇ ಬಲಿಯುತ್ತದೆ. ಹಣ ಕೊಡುವ ಮೊದಲು ಒಂದು ಚೀಟಿ ಬರೆಸಿಕೊಳ್ಳಿ: ಹತ್ತು ದಿನದೊಳಗೆ ವೈದ್ಯರು ಹುಟ್ಟಿನ ಕಣ್ಣಿನ ದೋಷ ಕಂಡರೆ ಮರಿ ವಾಪಸ್, ಹಣ ವಾಪಸ್. ತಂದೆ, ತಾಯಿ, ಮರಿ ಮೂರರ ಚಿಪ್ ಸಂಖ್ಯೆಯೂ ಆ ಚೀಟಿಯಲ್ಲಿರಲಿ.